ರಾಜಿ ಪಂಚಾಯ್ತಿಯಿಂದ ಆಚೆ: ಕೌಟುಂಬಿಕ ಹಿಂಸೆಯಲ್ಲಿ ನೊಂದವರ ಜೊತೆ ನಿಲ್ಲುವ ಕೆಲಸ

ಮನೆಯೊಳಗಿನ ಹಿಂಸೆಯಿಂದ ನೊಂದ ಮಹಿಳೆಯ ಮಾತು ಕೇಳಿ, ಅವಳ ಜೀವಕ್ಕಿರುವ ಅಪಾಯವನ್ನು ಅಳೆದು, ಆಸ್ಪತ್ರೆ, ಪೊಲೀಸ್ ಠಾಣೆ, ನ್ಯಾಯಾಲಯ, ವಸತಿ ಗೃಹಗಳ ನಡುವೆ ಅವಳು ಒಂಟಿಯಾಗಿ ಅಲೆಯದಂತೆ ಜೊತೆಗೆ ನಡೆಯುವ ಕೆಲಸಕ್ಕೆ ಕನ್ನಡದಲ್ಲಿ ಇನ್ನೂ ಒಂದು ಹೆಸರು ನೆಲೆಗೊಂಡಿಲ್ಲ. ಕಾನೂನಿನ ಭಾಷೆಯಲ್ಲಿ ಈ ಕೆಲಸದವರು ಸಂರಕ್ಷಣಾಧಿಕಾರಿ, ‘ಸಖಿ’ ಕೇಂದ್ರದಲ್ಲಿ ಆಪ್ತಸಮಾಲೋಚಕಿ ಅಥವಾ ಕೇಸ್ ವರ್ಕರ್, ಅಲ್ಲಿಗೆ ಬರುವ ಹೆಂಗಸರ ಬಾಯಲ್ಲಿ ಬರಿಯ ‘ಮೇಡಂ’. ತುಮಕೂರು ನಗರದ ಉಪ್ಪಾರಹಳ್ಳಿಯ ಮಹಿಳೆಗಾಗಲಿ, ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕಿನ ಹಳ್ಳಿಯ ಮಹಿಳೆಗಾಗಲಿ ‘ಅಲ್ಲಿ ಹೋದರೆ ಗಂಡ ಹೆಂಡತಿಯನ್ನು ಕೂಡಿಸಿ ಕಳಿಸುತ್ತಾರೆ’ ಎಂದು ಯಾರಾದರೂ ಹೇಳಿದರೆ, ಅವರು ಈ ವೃತ್ತಿಯನ್ನು ಊರಿನ ರಾಜಿ ಪಂಚಾಯ್ತಿಯ ಮುಂದುವರಿಕೆಯೆಂದೇ ಭಾವಿಸಿದ್ದಾರೆ ಎಂದರ್ಥ. ಈ ತಪ್ಪು ತಿಳಿವಳಿಕೆಯನ್ನು ಬಿಡಿಸದೆ ಈ ಕೆಲಸದ ಸ್ವರೂಪವನ್ನು ವಿವರಿಸಲಾಗದು.

ಈ ಕೆಲಸದ ಅಗತ್ಯ ಎಷ್ಟೆಂಬುದಕ್ಕೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಅಂಕಿಗಳೇ ಸಾಕ್ಷಿ. 2019–21ರಲ್ಲಿ ನಡೆದ ಆ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49ರ ವಯಸ್ಸಿನ, ಮದುವೆಯಾದ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದ್ದರು. 2015–16ರ ಸುತ್ತಿನಲ್ಲಿ ಈ ಪ್ರಮಾಣ ಶೇ 20.6 ಇತ್ತು, 2019–21ರ ಸುತ್ತಿನಲ್ಲಿ ಇಡೀ ದೇಶದ ಸರಾಸರಿ ಶೇ 29.3. ಐದು ವರ್ಷಗಳಲ್ಲಿ ಆದ ಈ ಏರಿಕೆಯ ಒಂದು ಪಾಲು ಹೇಳಿಕೊಳ್ಳುವ ಧೈರ್ಯ ಹೆಚ್ಚಿದ್ದರಿಂದ ಬಂದಿರಬಹುದಾದರೂ, ಹೇಳಿಕೊಂಡದ್ದು ಸುಳ್ಳಾಗುವುದಿಲ್ಲವಾದ್ದರಿಂದ ರಾಜ್ಯಕ್ಕೆ ಇದರಲ್ಲಿ ಸಮಾಧಾನಪಡುವಂಥದ್ದೇನೂ ಇಲ್ಲ. ಇದಕ್ಕಿಂತ ಮನಸ್ಸನ್ನು ಕಲಕುವ ಅಂಕಿ ಇನ್ನೊಂದಿದೆ: ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಮಹಿಳೆಯರ ಪೈಕಿ ನೆರವು ಕೇಳಿದವರು ಶೇ 14 ಮಾತ್ರ, ನೆರವನ್ನೂ ಕೇಳದೆ ಯಾರಲ್ಲಿಯೂ ಬಾಯಿ ಬಿಡದವರು ಶೇ 77. ಅಂದರೆ ನುರಿತ ಸಮಾಲೋಚಕಿಯ ಎದುರು ಬಂದು ಕುಳಿತವಳು ಬಹುಪಾಲು ಹೆಂಗಸರು ದಾಟಲಾರದ ಹೊಸ್ತಿಲನ್ನು ಆಗಲೇ ದಾಟಿ ಬಂದಿರುತ್ತಾಳೆ.

ಆ ಹೊಸ್ತಿಲು ಎತ್ತರವಾಗಿರುವುದಕ್ಕೆ ಸಮಾಜದ ಮಾತುಗಳೇ ಕಾರಣ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಸಣ್ಣಪುಟ್ಟ ಮುನಿಸಿಗೆ ಹೇಳಿದ್ದು. ಆದರೆ ಜಗಳಕ್ಕೂ ಹಿಂಸೆಗೂ ಇರುವ ಅಂತರವನ್ನು ಮರೆಸುವುದಕ್ಕೆ ಅದು ಬಳಕೆಯಾಗುತ್ತ ಬಂದಿದೆ. ಜಗಳದಲ್ಲಿ ಇಬ್ಬರೂ ಮಾತನಾಡಬಲ್ಲರು, ಇಬ್ಬರೂ ಸಿಟ್ಟಾಗಬಲ್ಲರು. ಹಿಂಸೆಯಲ್ಲಾದರೋ ಒಬ್ಬರ ಹೆಜ್ಜೆಯ ಸಪ್ಪಳ ಕೇಳಿದರೆ ಇನ್ನೊಬ್ಬರ ಎದೆ ನಡುಗುತ್ತದೆ. ಒಬ್ಬರ ಅನುಮತಿಯಿಲ್ಲದೆ ಇನ್ನೊಬ್ಬರು ತವರಿಗೆ ಫೋನ್ ಮಾಡಲಾರರು. ಇಂಥ ನಿರಂತರ ಅಂಕೆಯನ್ನು ‘ಬಲವಂತದ ನಿಯಂತ್ರಣ’ ಎಂದು ಗುರುತಿಸಿ ವಿವರಿಸಿದ ಅಮೆರಿಕದ ಸಮಾಜವಿಜ್ಞಾನಿ ಇವಾನ್ ಸ್ಟಾರ್ಕ್ ಅವರ ಪುಸ್ತಕ 2007ರಲ್ಲಿ ಬಂದಿತಾದರೂ, ಅದರ ಅನುಭವ ಹೊಸದಲ್ಲ. ಎಲೆ ಅಡಿಕೆಗೂ ಗಂಡನ ಮುಂದೆ ಕೈಯೊಡ್ಡಬೇಕಾದ ಹೆಣ್ಣುಮಕ್ಕಳಿಗೆ ಅದು ಹಿಂದಿನಿಂದಲೂ ಗೊತ್ತಿದ್ದದ್ದೇ.

ಕಾನೂನು ಈ ಅಂತರವನ್ನು ನಿಧಾನವಾಗಿ ಗುರುತಿಸಿತು. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 498ಎ ಕಲಮು ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯವನ್ನು ಅಪರಾಧವೆಂದಿತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿದೆ. ಆದರೆ ಗಂಡನನ್ನು ಜೈಲಿಗೆ ಕಳಿಸುವುದು ಎಲ್ಲ ಮಹಿಳೆಯರ ಬಯಕೆಯಲ್ಲ. ಹೊಡೆತ ನಿಲ್ಲಬೇಕು, ಇರುವ ಸೂರು ತಪ್ಪಬಾರದು, ಮಕ್ಕಳ ಊಟ ಮತ್ತು ಓದಿಗೆ ಹಣ ಬೇಕು ಎಂಬುದೇ ಹಲವರ ಕೋರಿಕೆ. ಆ ಕೋರಿಕೆಗೆ ಉತ್ತರವಾಗಿ ಬಂದದ್ದು ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005. ಅದು ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂಬ ನಾಲ್ಕೂ ಬಗೆಯ ಹಿಂಸೆಯನ್ನು ಇದು ಒಳಗೊಳ್ಳುತ್ತದೆ. ಆರ್ಥಿಕ ಹಿಂಸೆಯೆಂದರೆ ದುಡಿದದ್ದನ್ನು ಕಿತ್ತುಕೊಳ್ಳುವುದು, ಸಂಸಾರದ ಖರ್ಚಿಗೆ ಕೊಡದಿರುವುದು, ಸ್ತ್ರೀಧನವನ್ನು ಮಾರುವುದು. ಬೀಡಿ ಕಟ್ಟಿ, ಊದುಬತ್ತಿ ಹೊಸೆದು, ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿದು ಸಂಪಾದಿಸುವ ಹೆಂಗಸರಿರುವ ತುಮಕೂರು ಜಿಲ್ಲೆಯಲ್ಲಿ ಇದು ಪುಸ್ತಕದ ವ್ಯಾಖ್ಯೆಯಾಗಿ ಉಳಿಯುವುದಿಲ್ಲ. ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ರೂಪಾಯಿ ಬೀಳುವ ಖಾತೆಯ ಎಟಿಎಂ ಕಾರ್ಡನ್ನು ಗಂಡ ಬಲವಂತವಾಗಿ ಇಟ್ಟುಕೊಂಡರೆ ಅದೂ ಈ ವ್ಯಾಖ್ಯೆಯೊಳಗೇ ಬರುತ್ತದೆ. ಕಾಯ್ದೆಯ ಆಶ್ರಯ ಹೆಂಡತಿಗಷ್ಟೇ ಮೀಸಲಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಕುಡಿದು ಬಂದ ಮಗನಿಂದ ಪೆಟ್ಟು ತಿನ್ನುವ ತಾಯಿ, ಅಣ್ಣನ ಮನೆಯಲ್ಲಿ ಹಿಂಸೆಗೊಳಗಾದ ತಂಗಿ, ಮದುವೆಯಾಗದೆ ಮದುವೆಯಂತೆಯೇ ಬಾಳಿದ ಸಂಗಾತಿ, ಎಲ್ಲರೂ ಇದರ ಮೊರೆ ಹೋಗಬಹುದು.

ಕಾಯ್ದೆಯನ್ನು ಊರಿಗೆ ತರುವ ವ್ಯಕ್ತಿಯೇ ಸಂರಕ್ಷಣಾಧಿಕಾರಿ. ಕರ್ನಾಟಕದಲ್ಲಿ ತಾಲ್ಲೂಕು ಮಟ್ಟದಲ್ಲಿ ಈ ಹೊಣೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದು, ಅಂದರೆ ಜನ ಸಿಡಿಪಿಒ ಎಂದು ಕರೆಯುವ, ಅಂಗನವಾಡಿಗಳ ಮೇಲುಸ್ತುವಾರಿ ನೋಡುವ ಅಧಿಕಾರಿಗಳದು. ಇವರ ಜೊತೆಗೆ, 2000–01ರಿಂದ ಸ್ವಯಂಸೇವಾ ಸಂಸ್ಥೆಗಳ ಮೂಲಕ ಸರ್ಕಾರ ನಡೆಸುತ್ತ ಬಂದ ‘ಸಾಂತ್ವನ’ ಕೇಂದ್ರಗಳು, 2015ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರದ ನಿರ್ಭಯಾ ನಿಧಿಯಲ್ಲಿ ಆರಂಭವಾದ ‘ಸಖಿ’ ಒನ್ ಸ್ಟಾಪ್ ಸೆಂಟರ್‌ಗಳು ಮತ್ತು 181 ಮಹಿಳಾ ಸಹಾಯವಾಣಿ ಇವೆ. ಸಖಿಯ ಕಲ್ಪನೆ ಸರಳ: ಗಾಯಕ್ಕೆ ಔಷಧಿ ಒಂದು ಕಡೆ, ದೂರು ಇನ್ನೊಂದು ಕಡೆ, ವಕೀಲರು ಮತ್ತೊಂದು ಕಡೆ ಎಂದು ನೊಂದವಳನ್ನು ಅಲೆಸದೆ, ವೈದ್ಯಕೀಯ ನೆರವು, ಪೊಲೀಸ್ ನೆರವು, ಕಾನೂನು ಸಲಹೆ, ಆಪ್ತಸಮಾಲೋಚನೆ, ಕೆಲವು ದಿನಗಳ ತಂಗುದಾಣ ಇವೆಲ್ಲವನ್ನೂ ಒಂದೇ ಬಾಗಿಲಿನ ಹಿಂದೆ ಇಡುವುದು.

ಉಪ್ಪಾರಹಳ್ಳಿ ನಗರದೊಳಗೇ ಇರುವುದರಿಂದ ಅಲ್ಲಿನ ಮಹಿಳೆಗೆ ಜಿಲ್ಲಾಸ್ಪತ್ರೆ, ಜಿಲ್ಲಾ ನ್ಯಾಯಾಲಯ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲವೂ ಆಟೋ ದೂರದಲ್ಲಿವೆ. ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಗುಬ್ಬಿಯ, ಮೂವತ್ತೈದು ಕಿಲೋಮೀಟರ್ ಆಚೆಯ ಕುಣಿಗಲ್‌ನ ತೋಟದ ಮನೆಗಳಲ್ಲಿರುವವರಿಗೆ ಹಾಗಲ್ಲ. ತೆಂಗು ಅಡಿಕೆಯ ನಡುವಿನ ಒಂಟಿ ಮನೆಯ ಕೂಗು ಪಕ್ಕದವರಿಗೆ ಕೇಳುವುದೂ ಕಷ್ಟ, ಪೇಟೆಗೆ ಹೋದರೆ ಏಕೆ ಹೋದಳೆಂಬ ಪ್ರಶ್ನೆಯೂ ತಪ್ಪದು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವನ್ನು ಈ ಕಣ್ಣಿನಿಂದಲೂ ನೋಡಬೇಕು: ಕೈಯಲ್ಲಿ ಕಾಸಿಲ್ಲದ ಮಹಿಳೆಯೂ ಈಗ ಕುಣಿಗಲ್‌ನಿಂದ ತುಮಕೂರು ತಲುಪಬಲ್ಲಳು, ಗುರುತಿನ ಚೀಟಿ ಅವಳ ಬಳಿ ಇದ್ದರೆ. ಆಧಾರ್ ಕಾರ್ಡನ್ನು ಗಂಡನ ಮನೆಯವರು ಬೀರುವಿನಲ್ಲಿಟ್ಟು ಬೀಗ ಹಾಕುವುದು ಏಕೆ ಹಿಂಸೆಯ ಒಂದು ರೂಪ ಎಂಬುದು ಇದರಿಂದ ಅರ್ಥವಾಗುತ್ತದೆ. ಕಾಯ್ದೆಯ 27ನೆಯ ಕಲಮು ಇಲ್ಲಿ ದೊಡ್ಡ ಆಸರೆ. ಮಹಿಳೆ ತಾತ್ಕಾಲಿಕವಾಗಿ ವಾಸಿಸುತ್ತಿರುವ ಸ್ಥಳದ ನ್ಯಾಯಾಲಯದಲ್ಲಿಯೂ ಅರ್ಜಿ ಹಾಕಬಹುದಾದ್ದರಿಂದ, ಬೆಂಗಳೂರಿಗೆ ಮದುವೆಯಾಗಿ ಹೋದವಳು ತವರಾದ ಗುಬ್ಬಿಗೆ ಮರಳಿದರೆ ಗುಬ್ಬಿಯ ಮ್ಯಾಜಿಸ್ಟ್ರೇಟರ ಮುಂದೆಯೇ ಹೋಗಬಹುದು.

ಇನ್ನು ಕೆಲಸದ ಒಳಗಿನ ಕುಶಲತೆಯ ವಿಚಾರ. ನುರಿತ ಸಮಾಲೋಚಕಿ ಮೊದಲ ಭೇಟಿಯಲ್ಲಿ ‘ಇಷ್ಟು ದಿನ ಯಾಕೆ ಸುಮ್ಮನಿದ್ದೆ’, ‘ನೀನೇನು ಮಾಡಿದೆ’ ಎಂಬ ಎರಡು ಪ್ರಶ್ನೆಗಳನ್ನು ಕೇಳುವುದಿಲ್ಲ, ಏಕೆಂದರೆ ಎರಡರಲ್ಲಿಯೂ ತಪ್ಪು ಅವಳದೇ ಎಂಬ ತೀರ್ಮಾನ ಅಡಗಿದೆ. ಜೊತೆಗೆ ಬಂದ ಅತ್ತೆಯನ್ನೋ ಮಾವನನ್ನೋ, ಕೆಲವೊಮ್ಮೆ ಹೆತ್ತ ತಾಯಿಯನ್ನೂ, ಹೊರಗೆ ಕೂರಿಸಿ ಅವಳೊಬ್ಬಳೊಡನೆ ಮಾತನಾಡುವುದು ಮೊದಲ ನಿಯಮ. ಅವಳ ಕಥೆ ಹಿಂದುಮುಂದಾಗಿ, ತುಂಡುತುಂಡಾಗಿ ಬರಬಹುದು. ಆಘಾತಕ್ಕೊಳಗಾದ ಮನಸ್ಸು ಘಟನೆಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಇಟ್ಟುಕೊಳ್ಳುವುದಿಲ್ಲವೆಂಬುದನ್ನು ಅರಿತವರು ಅದನ್ನು ಸುಳ್ಳಿನ ಗುರುತೆಂದು ಎಣಿಸುವುದಿಲ್ಲ. ಅರಿಯದವರು ಅಲ್ಲಿಯೇ ಅನುಮಾನಕ್ಕೆ ಬೀಳುತ್ತಾರೆ, ಒಮ್ಮೆ ಅನುಮಾನದ ದೃಷ್ಟಿ ಕಂಡ ಮಹಿಳೆ ಇನ್ನೊಮ್ಮೆ ಬರುವುದಿಲ್ಲ.

ಆಮೇಲೆ ಅಪಾಯದ ಅಳತೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಶುಶ್ರೂಷಾ ತಜ್ಞೆ ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ರೂಪಿಸಿದ ಪ್ರಶ್ನಾವಳಿಯಿಂದ ಈ ವಿದ್ಯೆ ಬಹಳ ಬೆಳೆದಿದೆ. ಹೊಡೆತ ಇತ್ತೀಚೆಗೆ ಹೆಚ್ಚಾಗಿದೆಯೇ, ಕೊಲ್ಲುತ್ತೇನೆಂದು ಬೆದರಿಸಿದ್ದಾನೆಯೇ, ಬಸುರಿಯಾಗಿದ್ದಾಗ ಹೊಡೆದಿದ್ದಾನೆಯೇ, ಹಿಂದೆ ಹಿಂದೆ ಬಂದು ಕಾಯುತ್ತಾನೆಯೇ, ಮನೆಯಲ್ಲಿ ಆಯುಧವಿದೆಯೇ, ಎಲ್ಲಕ್ಕಿಂತ ಮುಖ್ಯವಾಗಿ, ಕತ್ತು ಹಿಸುಕಿದ್ದಾನೆಯೇ. ಕತ್ತು ಹಿಸುಕಿದಾಗ ಹೊರಗೆ ಗಾಯ ಕಾಣದಿರುವುದು ಸಾಮಾನ್ಯವಾದ್ದರಿಂದ ಹೆಂಗಸರು ಅದನ್ನು ಹೇಳುವುದೇ ಕೊನೆಗೆ, ಕೆಲವರು ಹೇಳುವುದೇ ಇಲ್ಲ. ಆದರೆ 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹಿಂದೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡಿದ್ದವರು ಮುಂದೆ ಅವನಿಂದಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು. ಕೆನ್ನೆಗೆ ಹೊಡೆದ ಗುರುತು ಕಂಡು ಮರುಗುವ ನೆಂಟರಿಗೆ ಈ ಒಂದು ಪ್ರಶ್ನೆ ಕೇಳಬೇಕೆಂದು ತೋಚದು. ತರಬೇತಿ ಪಡೆದವರಿಗೆ ತೋಚುತ್ತದೆ. ಇದನ್ನು ಪರಿಣತಿಯ ವೃತ್ತಿಯೆಂದು ಕರೆಯುವುದು ಅದಕ್ಕಾಗಿಯೇ.

ಅಪಾಯ ಅಳೆದ ಮೇಲೆ ಸುರಕ್ಷತಾ ಯೋಜನೆ. ಕಾಯ್ದೆಯಡಿ ರೂಪಿಸಿದ 2006ರ ನಿಯಮಗಳಲ್ಲಿ ನಮೂನೆ 5 ಇರುವುದೇ ಇದಕ್ಕೆ. ಕಾಗದದ ಮೇಲೆ ಅದೊಂದು ಕೋಷ್ಟಕ, ಬಲ್ಲವರ ಕೈಯಲ್ಲಿ ಅದು ಸೂಕ್ಷ್ಮವಾದ ಲೆಕ್ಕಾಚಾರ: ಜಗಳ ಏರಿದಾಗ ಅಡುಗೆಮನೆಯತ್ತ ಓಡಬಾರದು, ಏಕೆಂದರೆ ಅಲ್ಲಿ ಚಾಕು, ಬೆಂಕಿ, ಸೀಮೆಎಣ್ಣೆ ಇರುತ್ತವೆ, ಬೀದಿಗೆ ತೆರೆಯುವ ಬಾಗಿಲು ಯಾವುದು, ರಾತ್ರಿ ಹೊತ್ತಿನಲ್ಲಿ ಬಾಗಿಲು ತೆರೆಯುವ ಪಕ್ಕದ ಮನೆ ಯಾವುದು, ಆ ಮನೆಯವರಿಗೆ ಗೊತ್ತಾಗುವ ಸಂಕೇತದ ಮಾತು ಯಾವುದು. ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಬಸುರಿಯಾಗಿದ್ದರೆ ತಾಯಿ ಕಾರ್ಡ್, ಒಂದು ಜೊತೆ ಬಟ್ಟೆ ಇವನ್ನೆಲ್ಲ ನಂಬುವವರ ಮನೆಯಲ್ಲಿ ಮೊದಲೇ ಇರಿಸಬೇಕು. ಫೋನಿನಲ್ಲಿ ಕೇಂದ್ರದ ನಂಬರನ್ನು ಬೇರೆ ಹೆಸರಿನಲ್ಲಿ ಉಳಿಸಬೇಕು. ಮನೆ ಬಿಟ್ಟರೆ ಎಲ್ಲ ಮುಗಿಯಿತೆಂದು ಹೊರಗಿನವರು ತಿಳಿಯುತ್ತಾರೆ, ಆದರೆ ಬಿಡುವ ದಿನಗಳು ಮತ್ತು ಬಿಟ್ಟ ಮೊದಲ ವಾರಗಳೇ ಅತ್ಯಂತ ಅಪಾಯದವು, ಏಕೆಂದರೆ ಹಿಡಿತ ತಪ್ಪುತ್ತಿದೆಯೆಂದು ಅರಿತವನು ಆಗಲೇ ಕೊನೆಯ ಹೆಜ್ಜೆಗೆ ಹೋಗುತ್ತಾನೆ. ಆದ್ದರಿಂದ ‘ಇವತ್ತೇ ಬಿಟ್ಟು ಬಾ’ ಎಂದು ಆತುರಪಡಿಸುವುದು ‘ಹೊಂದಿಕೊಂಡು ಹೋಗು’ ಎನ್ನುವುದರಷ್ಟೇ ಹೊಣೆಗೇಡಿತನ. ಯಾವಾಗ, ಹೇಗೆ ಎಂಬುದನ್ನು ನಿರ್ಧರಿಸಬೇಕಾದವಳು ಆ ಮನೆಯ ಗಾಳಿ ಬಲ್ಲ ಆ ಮಹಿಳೆಯೇ.

ಸಮಾಲೋಚನೆಯ ಹೆಸರಿನಲ್ಲಿ ನಡೆಯುವ ರಾಜಿಯ ಬಗ್ಗೆ ಇಲ್ಲಿ ಬಿಚ್ಚಿ ಹೇಳಬೇಕಾಗಿದೆ. ಠಾಣೆಯಲ್ಲಿ ಎರಡೂ ಕಡೆಯವರನ್ನು ಕರೆಸಿ, ಬುದ್ಧಿ ಹೇಳಿ, ಇನ್ನು ಮುಂದೆ ಹೊಡೆಯುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡು, ಹೆಂಡತಿಯನ್ನು ಅದೇ ಗಂಡನ ಜೊತೆ ಅದೇ ಆಟೋದಲ್ಲಿ ಕಳಿಸುವ ಪದ್ಧತಿ ಎಷ್ಟೋ ಕಡೆ ಇದೆ. ಅವಳು ಅಲ್ಲಿ ಹೇಳಿದ ಪ್ರತಿಯೊಂದು ಮಾತಿಗೂ ಆ ರಾತ್ರಿ ಮನೆಯಲ್ಲಿ ಲೆಕ್ಕ ಕೊಡಬೇಕಾಗಬಹುದೆಂಬುದನ್ನು ಬುದ್ಧಿ ಹೇಳಿದವರು ನೆನೆಯುವುದಿಲ್ಲ. ಕಾನೂನು ಬಯಸುವುದು ಇದನ್ನಲ್ಲ. ಕಾಯ್ದೆಯ ನಿಯಮ 14ರ ಪ್ರಕಾರ ಸಮಾಲೋಚನೆಯ ಗುರಿ ಹಿಂಸೆ ಮರುಕಳಿಸದೆಂಬ ಭರವಸೆ ಪಡೆಯುವುದು. ಹಿಂಸೆಗೆ ಸಮರ್ಥನೆ ಕೊಡಲು ಪ್ರತಿವಾದಿಗೆ ಅವಕಾಶವೇ ಇಲ್ಲ, ಮತ್ತು ಅವಕಾಶವಿಲ್ಲವೆಂಬುದನ್ನು ಮಾತು ಆರಂಭವಾಗುವ ಮೊದಲೇ ಅವನಿಗೆ ತಿಳಿಸಬೇಕು. ‘ಅವಳು ಎದುರು ಮಾತಾಡಿದಳು, ಅದಕ್ಕೆ ಹೊಡೆದೆ’ ಎಂಬ ವಾಕ್ಯ ಆ ಕೋಣೆಯಲ್ಲಿ ವಾದವಾಗಿ ನಿಲ್ಲುವಂತಿಲ್ಲ. ಈ ಒಂದು ನಿಯಮ ಎಲ್ಲ ಕಡೆ ಅಕ್ಷರಶಃ ಪಾಲನೆಯಾದರೆ ಸಮಾಲೋಚನೆ ಎಂಬ ಪದಕ್ಕೆ ಅಂಟಿರುವ ಕೆಟ್ಟ ಹೆಸರು ಬಹುಮಟ್ಟಿಗೆ ತೊಲಗುತ್ತದೆ.

ನ್ಯಾಯಾಲಯದ ದಾರಿಯಲ್ಲಿ ಸಂರಕ್ಷಣಾಧಿಕಾರಿಯ ಮುಖ್ಯ ಬರಹ ಕೌಟುಂಬಿಕ ಘಟನಾ ವರದಿ. ಯಾವ ದಿನ ಏನಾಯಿತು, ಯಾವ ಬಗೆಯ ಹಿಂಸೆ, ಏನು ಪರಿಹಾರ ಬೇಕು ಎಂಬುದನ್ನು ಮಹಿಳೆಯ ಮಾತಿನಂತೆ ದಾಖಲಿಸುವ ಪತ್ರ. ಈ ವರದಿಯಿಲ್ಲದೆ ಮಹಿಳೆ ತಾನೇ ಅರ್ಜಿ ಹಾಕಿದರೂ ಅದನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕು, ಅರ್ಜಿ 60 ದಿನಗಳಲ್ಲಿ ಇತ್ಯರ್ಥವಾಗಲು ಪ್ರಯತ್ನಿಸಬೇಕು ಎನ್ನುತ್ತದೆ ಕಾಯ್ದೆ. ಕಾಯ್ದೆ ಹಾಕಿದ ಕಾಲಮಿತಿ ಮತ್ತು ಕಳೆದುಹೋಗುವ ಕಾಲ ಒಂದೇ ಅಲ್ಲವೆಂಬುದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಅಲ್ಲಿಯವರೆಗೆ ಮಧ್ಯಂತರ ಆದೇಶ ಕೇಳಬಹುದು. ಹಿಂಸೆ ಮಾಡದಂತೆ ತಡೆಯುವ ಸಂರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಾಸದ ಹಕ್ಕಿನ ವಿಚಾರದಲ್ಲಿ 2020 ದೊಡ್ಡ ವರ್ಷ: ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದು ‘ಹಂಚಿಕೊಂಡ ಮನೆ’ ಆಗಬಲ್ಲದೆಂದು ಸುಪ್ರೀಂ ಕೋರ್ಟ್ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು; ಡಿಸೆಂಬರ್‌ನಲ್ಲಿ ಬೆಂಗಳೂರಿನದೇ ಪ್ರಕರಣವೊಂದರಲ್ಲಿ, ಹಿರಿಯ ನಾಗರಿಕರ ರಕ್ಷಣೆಗೆ ಇರುವ 2007ರ ಕಾಯ್ದೆಯನ್ನು ಸೊಸೆಯ ವಾಸದ ಹಕ್ಕನ್ನು ಇಲ್ಲವಾಗಿಸುವ ಸಾಧನವಾಗಿ ಬಳಸಲಾಗದೆಂದಿತು. ವಕೀಲರ ಶುಲ್ಕದ ಚಿಂತೆಯೂ ಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಆದಾಯ ಎಷ್ಟೇ ಇರಲಿ, ಮಹಿಳೆಯಾದವಳಿಗೆ ಉಚಿತ ವಕೀಲರು ಸಿಗುತ್ತಾರೆ.

ಕರ್ನಾಟಕದಲ್ಲಿ ಈ ವೃತ್ತಿಗೆ ಕಾಯ್ದೆಗಿಂತ ಹಳೆಯ ಬೇರುಗಳಿವೆ ಎಂಬುದನ್ನು ಮರೆಯಬಾರದು. 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ವಿಮೋಚನಾ’ ಸಂಘಟನೆಯ ಮಹಿಳೆಯರು, ಸ್ಟೌ ಸಿಡಿದು ಸತ್ತಳೆಂದು ಬರೆದು ಮುಚ್ಚುತ್ತಿದ್ದ ಕಡತಗಳ ಹಿಂದೆ ಬಿದ್ದು, 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕುಳಿತು ಆ ಹೆಣ್ಣುಮಕ್ಕಳ ಮಾತು ಕೇಳಿದರು. ಅಡುಗೆಮನೆಯ ಅಪಘಾತವೆಂಬ ಮಾತಿನ ಹಿಂದೆ ಎಷ್ಟು ಕೊಲೆಗಳು, ಎಷ್ಟು ಬಲವಂತದ ಆತ್ಮಹತ್ಯೆಗಳು ಅಡಗಿವೆಯೆಂಬ ಪ್ರಶ್ನೆಯನ್ನು ರಾಜ್ಯದ ಮುಂದೆ ಇಟ್ಟವರು ಅವರು. ಆಸ್ಪತ್ರೆ ಎಂಬುದು ಗಾಯಕ್ಕೆ ಹೊಲಿಗೆ ಹಾಕಿ ಕಳಿಸುವ ಜಾಗವಷ್ಟೇ ಅಲ್ಲ, ಹಿಂಸೆ ಮೊದಲು ಹೊರಬೀಳುವ ಜಾಗವೂ ಹೌದೆಂಬ ಅರಿವಿನಿಂದಲೇ ಮುಂಬೈಯ ಬಾಂದ್ರಾದ ನಗರಪಾಲಿಕೆ ಆಸ್ಪತ್ರೆಯಲ್ಲಿ 2000ದಲ್ಲಿ ‘ದಿಲಾಸಾ’ ಕೇಂದ್ರ ಹುಟ್ಟಿತು. ಮನಸ್ಸಿನ ಗಾಯಕ್ಕೆ ಸಂಬಂಧಿಸಿದಂತೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2022ರಲ್ಲಿ ಆರಂಭವಾದ ‘ಸ್ತ್ರೀ ಮನೋರಕ್ಷಾ’ ಯೋಜನೆಯಡಿ ದೇಶದ ಒನ್ ಸ್ಟಾಪ್ ಸೆಂಟರ್‌ಗಳ ಸಿಬ್ಬಂದಿಗೆ ತರಬೇತಿ ಕೊಡುವ ಹೊಣೆ ಹೊತ್ತಿತು.

ಹೊರಗಿನವರಿಗೆ ಅತ್ಯಂತ ಕಷ್ಟವಾಗಿ ಅರ್ಥವಾಗುವ ಸಂಗತಿಯೆಂದರೆ, ಕೇಂದ್ರಕ್ಕೆ ಬಂದ ಹಲವರು ಮರಳಿ ಅದೇ ಮನೆಗೆ ಹೋಗುತ್ತಾರೆ. ಮಗುವಿನ ಪರೀಕ್ಷೆ, ತಂಗಿಯ ಮದುವೆಯ ಮಾತುಕತೆ, ತವರಿನಲ್ಲಿ ಅತ್ತಿಗೆಯ ಮುಖ, ಕೈಯಲ್ಲಿ ಹಣವಿಲ್ಲದಿರುವುದು, ಜೊತೆಗೆ ಅವನು ಬದಲಾಗಬಹುದೆಂಬ ಆಸೆ, ಇವೆಲ್ಲ ಸೇರಿ ಅವಳನ್ನು ಹಿಂದಕ್ಕೆ ಎಳೆಯುತ್ತವೆ. ಅದನ್ನು ಸೋಲೆಂದು ಬರೆದು ಕಡತ ಮುಚ್ಚುವವರು ಈ ಕೆಲಸಕ್ಕೆ ತಕ್ಕವರಲ್ಲ. ಮರಳಿ ಹೋಗುವಾಗ ಅವಳು ಸುರಕ್ಷತಾ ಯೋಜನೆಯನ್ನೂ, ಎಷ್ಟನೆಯ ಸಲ ಬಂದರೂ ಇಲ್ಲಿ ಯಾರೂ ಹೀಯಾಳಿಸುವುದಿಲ್ಲವೆಂಬ ನಂಬಿಕೆಯನ್ನೂ ಒಯ್ದರೆ, ಅಂದಿನ ಕೆಲಸ ಕೈಗೂಡಿದೆ ಎಂದೇ ತಿಳಿಯಬೇಕು.

ಇಷ್ಟು ನಾಜೂಕಾದ ಕೆಲಸವನ್ನು ರಾಜ್ಯ ಯಾರ ಹೆಗಲಿಗೆ ಹಾಕಿದೆ ಎಂಬ ಪ್ರಶ್ನೆಗೆ ಸಿಗುವ ಉತ್ತರ ನೆಮ್ಮದಿಯದಲ್ಲ. ಅಂಗನವಾಡಿಯ ಪೌಷ್ಟಿಕ ಆಹಾರ, ನೇಮಕಾತಿ, ಸಮೀಕ್ಷೆ, ಹತ್ತಾರು ಯೋಜನೆಗಳ ಅರ್ಜಿ ಇವುಗಳ ಮಧ್ಯೆ ಸಿಡಿಪಿಒಗೆ ಸಂರಕ್ಷಣಾಧಿಕಾರಿಯ ಹೊಣೆ ಹೆಚ್ಚುವರಿಯಾಗಿ ಬಂದಿದೆ. ಕೇಂದ್ರಗಳ ಸಮಾಲೋಚಕಿಯರು ಗುತ್ತಿಗೆಯ ಮೇಲೆ, ಸಣ್ಣ ಗೌರವಧನಕ್ಕೆ ದುಡಿಯುತ್ತಾರೆ. ದಿನವೂ ಪರರ ನೋವು ಕೇಳುವವರ ನಿದ್ದೆ, ನಂಬಿಕೆ, ಸ್ವಂತ ಸಂಸಾರದ ನೆಮ್ಮದಿ ಕದಡುವುದನ್ನು ಮನಶ್ಶಾಸ್ತ್ರ ‘ಪರೋಕ್ಷ ಆಘಾತ’ ಎನ್ನುತ್ತದೆ. ಅದಕ್ಕೆ ಮದ್ದಾದ ನಿಯಮಿತ ಮಾರ್ಗದರ್ಶನ ಮತ್ತು ಬಿಡುವನ್ನು ಕೆಲಸದ ಭಾಗವಾಗಿಯೇ ಕೊಡಬೇಕು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯ, 2016ರಲ್ಲಿ 227 ಶಿಫಾರಸುಗಳೊಂದಿಗೆ ಬಂದ ತನ್ನ ರಾಯಲ್ ಆಯೋಗದ ವರದಿಯ ನಂತರ, ಕೌಟುಂಬಿಕ ಹಿಂಸೆಯ ತಜ್ಞ ಕಾರ್ಯಕರ್ತರಿಗೆ ಕನಿಷ್ಠ ವಿದ್ಯಾರ್ಹತೆಯ ನಿಯಮವನ್ನು 2021ರ ಜುಲೈಯಿಂದ ಜಾರಿಗೆ ತಂದಿತು. ಭಾರತದಲ್ಲಿ, ಕಾಯ್ದೆ ಜಾರಿಯಾಗಿ ಹದಿನೆಂಟು ವರ್ಷ ಕಳೆದ ಮೇಲೆ, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿರೆಂದು ರಾಜ್ಯಗಳಿಗೆ ಹೇಳಬೇಕಾಯಿತು. ಕರ್ನಾಟಕ ಇನ್ನೊಂದು ಹೆಜ್ಜೆ ಮುಂದಿಟ್ಟು, ಗುಬ್ಬಿ, ಕುಣಿಗಲ್ ಸೇರಿದಂತೆ ಪ್ರತಿ ತಾಲ್ಲೂಕಿಗೆ ಬೇರಾವ ಕೆಲಸವೂ ಇಲ್ಲದ, ತರಬೇತಿ ಪಡೆದ, ಕಾಯಂ ಸಂಬಳದ ಒಬ್ಬ ಸಂರಕ್ಷಣಾಧಿಕಾರಿಯನ್ನಾದರೂ ಕೊಡಬೇಕು.

ಅಷ್ಟರವರೆಗೆ ನೆರೆಯವರ ಪಾತ್ರ ಬಹಳ ದೊಡ್ಡದು, ಅದಕ್ಕೆ ಕಾನೂನಿನ ಬೆಂಬಲವೂ ಇದೆ. ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದೆಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಯಾವ ಮೊಕದ್ದಮೆಯ ಹೊಣೆಯೂ ಬರುವುದಿಲ್ಲ ಎನ್ನುತ್ತದೆ ಕಾಯ್ದೆಯ 4ನೆಯ ಕಲಮು. ಉಪ್ಪಾರಹಳ್ಳಿಯ ಗೋಡೆಯಾಚೆಯಿಂದಾಗಲಿ, ಕುಣಿಗಲ್‌ನ ತೋಟದ ಬೇಲಿಯಾಚೆಯಿಂದಾಗಲಿ ಅಳು ಕೇಳಿದವರು ಅದು ಅವರ ಮನೆಯ ವಿಷಯವೆಂದು ಕದ ಹಾಕಿಕೊಳ್ಳದಿರಲಿ. ಕೂಡಲೇ ಜೀವಕ್ಕೆ ಅಪಾಯವಿದ್ದರೆ 112, ಉಳಿದಂತೆ 181. ಎರಡೂ ಹಗಲು ರಾತ್ರಿ ತೆರೆದಿರುವ ಉಚಿತ ಸಂಖ್ಯೆಗಳು.